ಗೇಟಿನಲ್ಲಿ ನಿಂತ ಲಾರಿ: ಗುಜರಿಯೊಳಗಿನ ವಿಕಿರಣವನ್ನು ಪತ್ತೆ ಮಾಡುವುದು ಹೇಗೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಸೈನ್ಸ್ ವಿಭಾಗದವರು ಬರೆಯಬೇಕಾದ ಲೇಖನವನ್ನು ಕಾಮರ್ಸ್‌ನವಳು ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯ ಲಾರಿ. ನನ್ನ ಅಬ್ಬಾ ಗುಜರಿ ವ್ಯಾಪಾರ ಮಾಡುತ್ತಾರೆ. ಹಳೆಯ ಕಬ್ಬಿಣ, ತಗಡು, ಮೋಟಾರು, ಮುರಿದ ಪಂಪ್‌ಸೆಟ್ ಎಲ್ಲವನ್ನೂ ಕೊಂಡು, ಬೇರೆ ಬೇರೆ ಮಾಡಿ, ಲಾರಿ ತುಂಬಿದಾಗ ಉಕ್ಕು ಕರಗಿಸುವ ಕಾರ್ಖಾನೆಗೆ ಕಳಿಸುತ್ತಾರೆ. ಲಾರಿ ಓಡಿಸುವವರು ಚಾಚಾ. ಕಾಲೇಜು ಮುಗಿದ ಮೇಲೆ ಸಂಜೆ ಅಂಗಡಿಯ ಬಿಲ್ಲು, ಖಾತೆ ನೋಡುವುದು ನನ್ನ ಕೆಲಸ.

ಕಳೆದ ಬಕ್ರೀದ್ ಮುಗಿದ ಮರುವಾರ ಚಾಚಾ ಫೋನ್ ಮಾಡಿದರು. ಬೇರೆ ಜಿಲ್ಲೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಲಾರಿಯನ್ನು ನಿಲ್ಲಿಸಿದ್ದಾರೆ, ಒಳಗೆ ಬಿಡುತ್ತಿಲ್ಲ ಎಂದರು. ಆ ಗೇಟಿನ ಎರಡೂ ಬದಿಯಲ್ಲಿ ಬೀರುವಿನಷ್ಟು ಎತ್ತರದ ಎರಡು ಕಂಬಗಳಿವೆಯಂತೆ. ಲಾರಿ ಅವುಗಳ ನಡುವೆ ಹಾದುಹೋದಾಗ ಸೈರನ್ ಹೊಡೆದುಕೊಂಡಿತು. ಹಿಂದಕ್ಕೆ ತೆಗೆಸಿ ಮತ್ತೆ ಓಡಿಸಿದರು, ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲ ಇನ್ನೂ ನಿಧಾನವಾಗಿ ಬಿಡಿ ಎಂದರು. ಆಮೇಲೆ ಒಬ್ಬರು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ತಂದು ಲಾರಿಯ ಸುತ್ತ ತಿರುಗಿದರು. ಮುಂಭಾಗದ ಎಡಗಡೆ ಏನೋ ಇದೆ, ಆ ಭಾಗ ಇಳಿಸಬೇಕು ಎಂದರು. "ಹಮಾರಿಚ್ ಗಾಡಿ ಕಾಯ್ಕು ರೋಕೆ?" ಎಂದು ಚಾಚಾ ಕೇಳಿದರು. ನಮ್ಮ ಗಾಡಿಯನ್ನೇ ಯಾಕೆ ನಿಲ್ಲಿಸಿದರು ಎಂಬುದು ಅವರ ಪ್ರಶ್ನೆ. ಯಂತ್ರ ನಿಲ್ಲಿಸಿತೋ, ಬಿಲ್ಲಿನ ಮೇಲಿನ ಹೆಸರು ನೋಡಿ ಮನುಷ್ಯರು ನಿಲ್ಲಿಸಿದರೋ ಎಂಬ ಅನುಮಾನ ಅದರಲ್ಲಿತ್ತು. ನಮ್ಮಂಥವರಿಗೆ ಆ ಅನುಮಾನ ಬರುವುದು ಸಹಜ, ಅದನ್ನು ಮುಚ್ಚಿಡುವುದಿಲ್ಲ.

ಕೊನೆಗೆ ಸಿಕ್ಕಿದ್ದು ಇಟ್ಟಿಗೆ. ಒಂದು ಹಳೆಯ ಕುಲುಮೆಯ ಕಬ್ಬಿಣದ ಹೊದಿಕೆಯನ್ನು ಅಬ್ಬಾ ಕೊಂಡಿದ್ದರು. ಅದರ ಒಳಗೋಡೆಗೆ ಹಾಕಿದ್ದ ಫೈರ್ ಬ್ರಿಕ್‌ನ ತುಂಡುಗಳು ಅಂಟಿಕೊಂಡೇ ಉಳಿದಿದ್ದವು. ಕೆಲವು ಫೈರ್ ಬ್ರಿಕ್‌ಗಳಲ್ಲಿ ಜಿರ್ಕಾನ್ ಎಂಬ ಖನಿಜ ಇರುತ್ತದೆ. ಅದರಲ್ಲಿ ಸ್ವಾಭಾವಿಕವಾಗಿಯೇ ಸ್ವಲ್ಪ ಯುರೇನಿಯಂ, ಥೋರಿಯಂ ಸೇರಿರುತ್ತದೆ. ಅಪಾಯ ಏನೂ ಇರಲಿಲ್ಲ. ಆದರೆ ಲಾರಿ ಒಂದೂವರೆ ದಿನ ನಿಂತಿತು. ಹಾಲ್ಟಿಂಗ್ 2,500 ರೂಪಾಯಿ, ಇಳಿಸಿ ತುಂಬಿದ ಹಮಾಲಿ 4,800 ರೂಪಾಯಿ, ಒಟ್ಟು 7,300. ಅದನ್ನು ಖಾತೆಗೆ ಬರೆದವಳು ನಾನೇ. ಅಬ್ಬಾ ಆ ಸಾಲನ್ನು ನೋಡಿ, "ಅಪಾಯ ಇಲ್ಲ ಅಂದಮೇಲೆ ಈ ದುಡ್ಡು ಯಾಕೆ ಹೋಯಿತು ಬೇಟಾ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಗುಜರಿ ಕಾರ್ಖಾನೆಗಳ ಗೇಟಿಗೆ ಇಂಥ ಕಂಬಗಳು ಯಾಕೆ ಬಂದವು ಎಂಬ ಕಥೆ. ಅದು ಮೆಕ್ಸಿಕೊ ದೇಶದ ಸಿಯುದಾದ್ ಹ್ವಾರೆಸ್ ಎಂಬ ಊರಿನದು. ಅಮೆರಿಕದ ಗಡಿಗೆ ಅಂಟಿಕೊಂಡ ಊರು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆ ಕ್ಯಾನ್ಸರ್ ಚಿಕಿತ್ಸೆಯ ಹಳೆಯ ಯಂತ್ರವೊಂದನ್ನು 1977ರಲ್ಲಿ ಅಮೆರಿಕದಿಂದ ತರಿಸಿಕೊಂಡಿತ್ತು. ಬಳಸಲೇ ಇಲ್ಲ, ಗೋದಾಮಿನಲ್ಲಿ ಇಟ್ಟಿತ್ತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತುವಿನ ಸುಮಾರು 6,000 ಗುಳಿಗೆಗಳಿದ್ದವು. ಒಂದೊಂದು ಗುಳಿಗೆಯ ಗಾತ್ರ ಕೇವಲ 1 ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು ಎನ್ನಬಹುದು. 1983ರ ಡಿಸೆಂಬರ್ 6ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ಅದನ್ನು ಬಿಚ್ಚಿ, ಪಿಕಪ್ ಗಾಡಿಗೆ ಹಾಕಿಕೊಂಡು ಗುಜರಿಗೆ ಮಾರಿದ. ಒಳಗಿನ ಡಬ್ಬಿ ತೂತಾಗಿ ಗುಳಿಗೆಗಳು ಗಾಡಿಯಲ್ಲೂ ಗುಜರಿ ಅಂಗಳದಲ್ಲೂ ಚೆಲ್ಲಿದವು. ಕ್ರೇನಿನ ಅಯಸ್ಕಾಂತ ಅವುಗಳನ್ನು ಉಳಿದ ಕಬ್ಬಿಣದ ಜೊತೆ ಎತ್ತಿತು, ಯಾಕೆಂದರೆ ಕೋಬಾಲ್ಟ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಆ ಕಬ್ಬಿಣ ಕರಗಿ ಮನೆ ಕಟ್ಟುವ ಸರಳು ಆಯಿತು, ಮೇಜಿನ ಕಾಲು ಆಯಿತು. ಪಿಕಪ್ ಗಾಡಿ ಕೆಟ್ಟು ಬೀದಿಯಲ್ಲಿ ವಾರಗಟ್ಟಲೆ ನಿಂತಿತ್ತು. ಅದರ ಮೇಲೆ ಮಕ್ಕಳು ಹತ್ತಿ ಆಡುತ್ತಿದ್ದರು.

ಇಷ್ಟೆಲ್ಲ ಆದರೂ ಯಾರಿಗೂ ತಿಳಿಯಲಿಲ್ಲ. ವಿಕಿರಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಿಳಿದದ್ದು ಒಂದು ಲಾರಿ ದಾರಿ ತಪ್ಪಿದ್ದರಿಂದ. 1984ರ ಜನವರಿ 16ರಂದು ಆ ಸರಳುಗಳನ್ನು ಹೊತ್ತ ಲಾರಿಯೊಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ರಸ್ತೆಗೆ ಬಂತು. ಅಣುಬಾಂಬ್ ಮೊದಲು ತಯಾರಾದ ಜಾಗ ಅದು. ಅಲ್ಲಿ ವಿಕಿರಣ ಮಾಪಕ ಇಟ್ಟದ್ದು ಪ್ರಯೋಗಾಲಯದ ಸ್ವಂತ ಸುರಕ್ಷತೆಗೆ, ಹೊರಗಿನವರ ಕಬ್ಬಿಣ ಪರೀಕ್ಷಿಸುವುದಕ್ಕಲ್ಲ. ಆದರೂ ಅದು ಕೂಗಿಕೊಂಡಿತು. ಗುಜರಿಗೆ ಮಾರಿದ ದಿನದಿಂದ ಲೆಕ್ಕ ಹಾಕಿದರೆ 41 ದಿನ. ಅಷ್ಟರಲ್ಲಿ ಸಾವಿರಾರು ಟನ್ ಸರಳು ಮಾರಾಟವಾಗಿತ್ತು. ಆ ಸರಳು ಬಳಸಿ ಕಟ್ಟಿದ 800ಕ್ಕೂ ಹೆಚ್ಚು ಕಟ್ಟಡಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಒಡೆಯಬೇಕಾಯಿತು. ಇಂಥ ಘಟನೆಗಳಾದ ಮೇಲೆ ಉಕ್ಕಿನ ಕಾರ್ಖಾನೆಗಳು ತಮ್ಮ ಗೇಟಿನಲ್ಲೇ ಮಾಪಕ ಹಾಕಿಕೊಳ್ಳತೊಡಗಿದವು.

ಈಗ ಆ ಕಂಬದೊಳಗೆ ಏನಿದೆ ಎಂದು ನೋಡೋಣ. ನಮ್ಮ ಕಾಲೇಜಿನ ಫಿಸಿಕ್ಸ್ ಸರ್ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ನನಗೆ ಇದನ್ನು ಹೇಳಿಕೊಟ್ಟರು. ಕಂಬದೊಳಗೆ ಒಂದು ವಿಶೇಷ ಪ್ಲಾಸ್ಟಿಕ್‌ನ ದೊಡ್ಡ ಹಲಗೆ ಇರುತ್ತದೆ. ಗಾಮಾ ಕಿರಣವೊಂದು ಅದರೊಳಗೆ ಬಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕಿನ ಮಿಂಚು ಹುಟ್ಟುತ್ತದೆ. ಹಲಗೆಯ ತುದಿಯಲ್ಲಿರುವ ಒಂದು ನಳಿಕೆ ಆ ಮಿಂಚನ್ನು ವಿದ್ಯುತ್ತಾಗಿ ಬದಲಿಸಿ ಎಣಿಸುತ್ತದೆ. ಒಂದು ಮಿಂಚಿಗೆ ಒಂದು ಎಣಿಕೆ. ಕಂಬ ಏನನ್ನೂ ಹೊರಕ್ಕೆ ಬಿಡುವುದಿಲ್ಲ, ಎಕ್ಸ್‌ರೇ ಯಂತ್ರದ ಹಾಗಲ್ಲ. ಬಂದದ್ದನ್ನು ಎಣಿಸುವುದಷ್ಟೇ ಅದರ ಕೆಲಸ. ಡ್ರೈವರ್‌ಗೆ ಏನಾದರೂ ಆಗುತ್ತದೆಯೇ ಎಂದು ಚಾಚಿ ಹೆದರಿದ್ದರು, ಅದಕ್ಕೇ ಇದನ್ನು ಬರೆದೆ.

ಲಾರಿ ಇಲ್ಲದಾಗಲೂ ಎಣಿಕೆ ಶೂನ್ಯ ಇರುವುದಿಲ್ಲ. ಇದು ನನಗೆ ಬಹಳ ಆಶ್ಚರ್ಯ ತಂದ ವಿಷಯ. ನೆಲದಲ್ಲಿ, ಕಲ್ಲಿನಲ್ಲಿ, ಗೋಡೆಯಲ್ಲಿ ಸ್ವಲ್ಪ ವಿಕಿರಣ ಇದ್ದೇ ಇರುತ್ತದೆ, ಆಕಾಶದಿಂದಲೂ ಬರುತ್ತದೆ. ಇದನ್ನು ಹಿನ್ನೆಲೆ ವಿಕಿರಣ ಎನ್ನುತ್ತಾರೆ. ಸರ್ ಪಕ್ಕದ ಡಿಗ್ರಿ ಕಾಲೇಜಿನಿಂದ ಜಿ.ಎಂ. ಕೌಂಟರ್ ತರಿಸಿ ಖಾಲಿ ಮೇಜಿನ ಮೇಲೆ ಇಟ್ಟರು. ಮೇಜಿನ ಮೇಲೆ ಏನೂ ಇರಲಿಲ್ಲ, ಆದರೂ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಹತ್ತು ನಿಮಿಷ ಎಣಿಸಿ ಬರೆದುಕೋ ಎಂದರು. ನನಗೆ ಸಿಕ್ಕ ಸಂಖ್ಯೆಗಳು ನಿಮಿಷಕ್ಕೆ ಹೀಗಿದ್ದವು: 18, 27, 15, 22, 20, 12, 25, 19, 24, 18. ಸರಾಸರಿ ಸರಿಯಾಗಿ 20. ವ್ಯತ್ಯಯವನ್ನು, ಅಂದರೆ ವೇರಿಯನ್ಸ್ ಅನ್ನು ಲೆಕ್ಕ ಹಾಕಿದೆ, 19.2 ಬಂತು. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡ ಗೆಳತಿಯರೇ, ನಿಮಗೆ ಏನು ನೆನಪಾಗುತ್ತದೆ? ಪಾಯ್ಸಾನ್ ವಿತರಣೆಯಲ್ಲಿ ಸರಾಸರಿಯೂ ವ್ಯತ್ಯಯವೂ ಸಮ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಇದು. ಪರೀಕ್ಷೆಯಲ್ಲಿ ಐದು ಮಾರ್ಕಿನ ಲೆಕ್ಕ ಎಂದುಕೊಂಡದ್ದು ಮೇಜಿನ ಮೇಲೆ ಟಿಕ್ ಟಿಕ್ ಅನ್ನುತ್ತಿತ್ತು.

ಆದ್ದರಿಂದ ಗೇಟಿನ ಕಂಬ ಕೇಳುವ ಪ್ರಶ್ನೆ "ವಿಕಿರಣ ಇದೆಯೇ?" ಎಂಬುದಲ್ಲ. ಅದು ಯಾವಾಗಲೂ ಇರುತ್ತದೆ. "ಹಿನ್ನೆಲೆಯ ಏರಿಳಿತಕ್ಕಿಂತ ಹೆಚ್ಚು ಇದೆಯೇ?" ಎಂಬುದು ಪ್ರಶ್ನೆ. ಒಂದು ಲೆಕ್ಕ ನೋಡಿ. ಅರ್ಥವಾಗಲಿ ಎಂದು ಸಂಖ್ಯೆಗಳನ್ನು ನಾನೇ ಆರಿಸಿಕೊಂಡಿದ್ದೇನೆ. ಖಾಲಿ ಗೇಟಿನಲ್ಲಿ ಸೆಕೆಂಡಿಗೆ 900 ಎಣಿಕೆ ಇದೆ ಎನ್ನಿ. ಪಾಯ್ಸಾನ್ ನಿಯಮದಂತೆ ಅದರ ಸಹಜ ಏರಿಳಿತ 900ರ ವರ್ಗಮೂಲ, ಅಂದರೆ 30. ಲಾರಿಯಲ್ಲಿ ಅಡಗಿದ ವಸ್ತುವೊಂದು ಕಂಬದ ಹತ್ತಿರ ಬಂದಾಗ ಸೆಕೆಂಡಿಗೆ 90 ಎಣಿಕೆ ಸೇರಿಸುತ್ತದೆ ಎನ್ನಿ. ಆಗ ಒಂದು ಸೆಕೆಂಡಿನಲ್ಲಿ 90 ಹೆಚ್ಚು ಬಂತು, ಅದು ಏರಿಳಿತದ 3 ಪಟ್ಟು. ಅದೇ ಲಾರಿ ನಾಲ್ಕು ಪಟ್ಟು ನಿಧಾನವಾಗಿ ಹೋದರೆ ವಸ್ತು ಕಂಬದ ಎದುರು 4 ಸೆಕೆಂಡ್ ಇರುತ್ತದೆ. ಆಗ ಹೆಚ್ಚಿನ ಎಣಿಕೆ 360, ಹಿನ್ನೆಲೆ 3,600, ಅದರ ವರ್ಗಮೂಲ 60. ಈಗ 6 ಪಟ್ಟು ಆಯಿತು. ಲಾರಿ ನಾಲ್ಕು ಪಟ್ಟು ವೇಗವಾಗಿ ಹೋದರೆ? ಕಾಲು ಸೆಕೆಂಡಿನಲ್ಲಿ ಹೆಚ್ಚಿನ ಎಣಿಕೆ 22 ಅಥವಾ 23, ಹಿನ್ನೆಲೆ 225, ಏರಿಳಿತ 15. ಕೇವಲ ಒಂದೂವರೆ ಪಟ್ಟು, ಗದ್ದಲದಲ್ಲಿ ಮಾತು ಕಳೆದುಹೋದ ಹಾಗೆ. ಮೂರನೆಯ ಸಲ ನಿಧಾನವಾಗಿ ಬಿಡಿ ಎಂದು ಚಾಚಾಗೆ ಹೇಳಿದ್ದರಲ್ಲ, ಅದು ಸತಾಯಿಸಲು ಅಲ್ಲ ಎಂದು ನನಗೆ ತಿಳಿದದ್ದು ಈ ಲೆಕ್ಕ ಮಾಡಿದ ಮೇಲೆ. ಇಂಥ ಗೇಟುಗಳಲ್ಲಿ ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗ ಎಂದರೆ ಜೋರು ನಡಿಗೆಗಿಂತ ಸ್ವಲ್ಪ ಹೆಚ್ಚು ಅಷ್ಟೇ. ದೂರವೂ ಮುಖ್ಯ. ದೂರ ಎರಡು ಪಟ್ಟಾದರೆ ಬರುವ ಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡೂ ಬದಿಗೆ ಕಂಬ ನಿಲ್ಲಿಸುವುದು ಅದಕ್ಕೆ.

ಇನ್ನು ಮುಖ್ಯ ಪ್ರಶ್ನೆ: ಸೈರನ್ ಎಷ್ಟಕ್ಕೆ ಹೊಡೆಯಬೇಕು? ಯಂತ್ರಕ್ಕೆ ಬಿಲ್ಲಿನ ಮೇಲಿನ ಹೆಸರು ಓದಲು ಬರುವುದಿಲ್ಲ. ಆದರೆ ಈ ಮಿತಿಯನ್ನು ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ, ಮನುಷ್ಯರು ತೀರ್ಮಾನಿಸುತ್ತಾರೆ. ಏರಿಳಿತದ 3 ಪಟ್ಟಿಗೆ, ಅಂದರೆ ನಮ್ಮ ಲೆಕ್ಕದಲ್ಲಿ 990ಕ್ಕೆ ಮಿತಿ ಇಟ್ಟರೆ, ಏನೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಸುಮಾರು 740 ಎಣಿಕೆಗಳಲ್ಲಿ ಒಮ್ಮೆ ಸೈರನ್ ಹೊಡೆಯುತ್ತದೆ. ದಿನಕ್ಕೆ 200 ಲಾರಿ ಬರುತ್ತವೆ, ಒಂದು ಲಾರಿ ಹಾದುಹೋಗುವಷ್ಟರಲ್ಲಿ 10 ಸಲ ಎಣಿಸುತ್ತದೆ ಎಂದರೆ ದಿನಕ್ಕೆ 2,000 ಎಣಿಕೆ. ಅಂದರೆ ದಿನಕ್ಕೆ ಎರಡು ಮೂರು ಸುಳ್ಳು ಸೈರನ್. 4 ಪಟ್ಟಿಗೆ ಇಟ್ಟರೆ ಸುಮಾರು 16 ದಿನಕ್ಕೊಂದು. 5 ಪಟ್ಟಿಗೆ ಇಟ್ಟರೆ ನಾಲ್ಕೂವರೆ ವರ್ಷಕ್ಕಿಂತಲೂ ಹೆಚ್ಚು ಕಾಲಕ್ಕೆ ಒಂದು. ಹಾಗಾದರೆ 5 ಪಟ್ಟಿಗೇ ಇಟ್ಟುಬಿಡಬಹುದಲ್ಲ ಎಂದು ಅಬ್ಬಾ ಕೇಳಿದರು. ಆದರೆ ಮಿತಿ ಮೇಲಕ್ಕೆ ಹೋದಷ್ಟೂ ನಿಜವಾದ ವಸ್ತುವೂ ಸದ್ದಿಲ್ಲದೆ ದಾಟಿಹೋಗುತ್ತದೆ.

ಇದೇ ನಮ್ಮ ಪಠ್ಯದ ಮೊದಲ ವಿಧದ ದೋಷ ಮತ್ತು ಎರಡನೇ ವಿಧದ ದೋಷ. "ಈ ಲಾರಿಯಲ್ಲಿ ಏನೂ ಇಲ್ಲ" ಎಂಬುದು ಶೂನ್ಯ ಪ್ರಾಕ್ಕಲ್ಪನೆ. ಅದು ನಿಜವಿದ್ದರೂ ತಿರಸ್ಕರಿಸಿದರೆ ಮೊದಲ ವಿಧದ ದೋಷ, ಅದು ಸುಳ್ಳಿದ್ದರೂ ಒಪ್ಪಿಕೊಂಡರೆ ಎರಡನೆಯದು. ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಮಾತು ಹೇಳುತ್ತೇನೆ: ಈ ಎರಡು ದೋಷಗಳ ಖರ್ಚನ್ನು ಒಬ್ಬರೇ ಹೊರುವುದಿಲ್ಲ. ಮೊದಲನೆಯದರ ಖರ್ಚು ಲಾರಿಯವನದು, ಗುಜರಿಯವನದು. ನಮ್ಮ 7,300 ರೂಪಾಯಿಯ ಹಾಗೆ. ಎರಡನೆಯದರ ಖರ್ಚು ಕಾರ್ಖಾನೆಯದು, ಅಲ್ಲಿ ಕೆಲಸ ಮಾಡುವವರದು, ಸುತ್ತಲಿನ ಜನರದು.

ಎರಡನೆಯದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಸ್ಪೇನ್ ದೇಶದ ಆಲ್ಹೆಸಿರಾಸ್ ಬಳಿಯ ಉಕ್ಕಿನ ಕಾರ್ಖಾನೆ ಉದಾಹರಣೆ. ಅದರ ಗೇಟಿನಲ್ಲಿ ಮಾಪಕ ಇತ್ತು. ಆದರೂ 1998ರ ಮೇ ಕೊನೆಯಲ್ಲಿ ಗುಜರಿಯೊಳಗಿನ ಸೀಸಿಯಂ-137 ಒಳಹೋಗಿ ಕುಲುಮೆಯಲ್ಲಿ ಕರಗಿತು. ಕೋಬಾಲ್ಟ್ ಕರಗಿದರೆ ಕಬ್ಬಿಣದಲ್ಲೇ ಉಳಿಯುತ್ತದೆ, ಸೀಸಿಯಂ ಹಾಗಲ್ಲ, ಆವಿಯಾಗಿ ಹೊಗೆ ಮತ್ತು ಧೂಳಿನೊಡನೆ ಹೋಗುತ್ತದೆ. ಅದು ಚಿಮಣಿಯಿಂದ ಹೊರಟು ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಜರ್ಮನಿಗಳ ಗಾಳಿಯ ಮಾಪಕಗಳಲ್ಲಿ ಸಿಕ್ಕಿತು. ಆರೋಗ್ಯಕ್ಕೆ ದೊಡ್ಡ ಹಾನಿಯಾಗಲಿಲ್ಲ. ಆದರೆ ಸ್ವಚ್ಛಗೊಳಿಸುವುದಕ್ಕೆ, ನಿಂತ ಉತ್ಪಾದನೆಗೆ, ಕಸ ಸಂಗ್ರಹಕ್ಕೆ ಸೇರಿ ಸುಮಾರು 2.5 ಕೋಟಿ ಡಾಲರ್ ನಷ್ಟವಾಯಿತು. ಇದನ್ನು ಹೇಳಿದಾಗ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ನಿಲ್ಲಿಸಲಿ. ಆದರೆ ಏನೂ ಸಿಗದಿದ್ದರೆ ಹಾಲ್ಟಿಂಗ್ ಅವರು ಕೊಡಲಿ," ಎಂದರು. ವ್ಯಾಪಾರಿಯ ಮಾತು ಎನಿಸಬಹುದು, ನನಗಂತೂ ನ್ಯಾಯದ ಮಾತು ಎನಿಸಿತು.

ನಮ್ಮ ಇಟ್ಟಿಗೆಯದು ಆಕಸ್ಮಿಕವಾದ ಸುಳ್ಳು ಸೈರನ್ ಅಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ವಿಕಿರಣ ನಿಜವಾಗಿಯೂ ಇತ್ತು, ಅಪಾಯ ಇರಲಿಲ್ಲ ಅಷ್ಟೇ. ಗೇಟುಗಳಲ್ಲಿ ಹೊಡೆಯುವ ಸೈರನ್‌ಗಳಲ್ಲಿ ಹೆಚ್ಚಿನವು ಇಂಥವೇ. ಪೊಟ್ಯಾಶ್ ಗೊಬ್ಬರದ ಲಾರಿಯೂ ಸೈರನ್ ಹೊಡೆಸಬಹುದು, ಯಾಕೆಂದರೆ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ಹುಟ್ಟಿನಿಂದಲೇ ವಿಕಿರಣಶೀಲ. ಗ್ರಾನೈಟ್, ಟೈಲ್ಸ್ ಕೂಡ ಹಾಗೆಯೇ. ಆಸ್ಪತ್ರೆಯಲ್ಲಿ ಥೈರಾಯ್ಡ್‌ಗೆ ಅಯೋಡಿನ್ ಚಿಕಿತ್ಸೆ ಪಡೆದು ಬಂದ ಡ್ರೈವರ್ ಕೂಡ ಕೆಲವು ದಿನ ಗೇಟಿನಲ್ಲಿ ಸಿಕ್ಕಿಬೀಳಬಹುದು. ಕಂಬದ ಪ್ಲಾಸ್ಟಿಕ್ ದೊಡ್ಡದು, ಅಗ್ಗ, ಚೆನ್ನಾಗಿ ಎಣಿಸುತ್ತದೆ, ಆದರೆ ಬಂದದ್ದು ಯಾವ ವಸ್ತುವಿನ ಕಿರಣ ಎಂದು ಸರಿಯಾಗಿ ಹೇಳಲಾರದು. ಅದಕ್ಕೇ ಎರಡನೆಯ ಹಂತದಲ್ಲಿ ಕೈಯಲ್ಲಿ ಹಿಡಿಯುವ ಯಂತ್ರ ಬರುತ್ತದೆ. ಅದರೊಳಗಿನ ಹರಳು ಪ್ರತಿ ಕಿರಣದ ಶಕ್ತಿಯನ್ನೂ ಅಳೆಯುತ್ತದೆ. ಕೋಬಾಲ್ಟ್-60ರ ಕಿರಣಗಳಿಗೆ ಎರಡು ನಿರ್ದಿಷ್ಟ ಶಕ್ತಿ, ಸೀಸಿಯಂ-137ಕ್ಕೆ ಬೇರೆ ಒಂದು. ಬೆರಳಚ್ಚಿನ ಹಾಗೆ ಹೊಂದಿಸಿ ನೋಡಿ ಹೆಸರು ಹೇಳುತ್ತದೆ.

ಇನ್ನೊಂದು ವಿಚಿತ್ರವಿದೆ, ನನಗೆ ತುಂಬ ಇಷ್ಟವಾದದ್ದು. ಕಬ್ಬಿಣ ತುಂಬಿದ ಲಾರಿ ಗೇಟಿನೊಳಗೆ ಬಂದಾಗ ಎಣಿಕೆ ಏರುವುದಿಲ್ಲ, ಇಳಿಯುತ್ತದೆ! ನೆಲದಿಂದ, ಸುತ್ತಲಿನಿಂದ ಕಂಬಕ್ಕೆ ಬರುತ್ತಿದ್ದ ಹಿನ್ನೆಲೆ ಕಿರಣಗಳನ್ನು ಆ ಕಬ್ಬಿಣವೇ ತಡೆಯುತ್ತದೆ. ನೂರಕ್ಕೆ ಹತ್ತು ಇಪ್ಪತ್ತರಷ್ಟು ಇಳಿಯಬಹುದು. 900 ಇದ್ದದ್ದು 760ಕ್ಕೆ ಇಳಿಯಿತು ಎನ್ನಿ. ಈಗ ಒಳಗಿನ ವಸ್ತು 90 ಸೇರಿಸಿದರೂ ಒಟ್ಟು 850. ಖಾಲಿ ಗೇಟಿಗಿಂತ ಕಡಿಮೆ! ಬರೀ ಒಟ್ಟು ಮೊತ್ತ ನೋಡುವ ಯಂತ್ರ ಮೋಸಹೋಗುತ್ತದೆ. ಅದಕ್ಕಾಗಿ ಒಳ್ಳೆಯ ಯಂತ್ರಗಳು ಗ್ರಾಫಿನ ಆಕಾರ ನೋಡುತ್ತವೆ. ಗೊಬ್ಬರದಂತೆ ಲಾರಿ ತುಂಬ ಹರಡಿದ ವಸ್ತುವಿದ್ದರೆ ಗ್ರಾಫ್ ಮುಂದಿನಿಂದ ಹಿಂದಿನವರೆಗೆ ಸಮತಟ್ಟಾಗಿ ಎದ್ದಿರುತ್ತದೆ. ಒಂದೇ ಕಡೆ ಸಣ್ಣ ವಸ್ತುವಿದ್ದರೆ ತಗ್ಗಿನ ನಡುವೆ ಗುಡ್ಡದ ಹಾಗೆ ಏಳುತ್ತದೆ. ನಮ್ಮ ಇಟ್ಟಿಗೆಗಳು ಒಂದೇ ಮೂಲೆಯಲ್ಲಿದ್ದುದರಿಂದ ಗುಡ್ಡದ ಹಾಗೆಯೇ ಕಂಡಿರಬೇಕು. ಹಾಗೆ ನೋಡಿದರೆ ನಿಲ್ಲಿಸಿದ್ದು ಸರಿಯೇ.

ದೇಶಗಳ ಗಡಿಗಳಲ್ಲಿ, ಬಂದರುಗಳಲ್ಲಿ ಇರುವ ಗೇಟುಗಳು ಗಾಮಾ ಕಿರಣದ ಜೊತೆ ನ್ಯೂಟ್ರಾನ್‌ಗಳನ್ನೂ ಹುಡುಕುತ್ತವೆ, ಯಾಕೆಂದರೆ ಪ್ಲುಟೋನಿಯಂನಿಂದ ನ್ಯೂಟ್ರಾನ್ ಬರುತ್ತದೆ. ಇದಕ್ಕೆ ಹೀಲಿಯಂ-3 ಎಂಬ ಅನಿಲ ಬೇಕು. ಕಾಮರ್ಸ್‌ನವರಿಗೆ ಇಲ್ಲೊಂದು ಬೇಡಿಕೆ-ಪೂರೈಕೆಯ ಪಾಠವಿದೆ. ಈ ಅನಿಲವನ್ನು ಯಾರೂ ಬೇಕೆಂದು ತಯಾರಿಸುತ್ತಿರಲಿಲ್ಲ. ಅಣ್ವಸ್ತ್ರಗಳಿಗಾಗಿ ಇಟ್ಟ ಟ್ರೀಷಿಯಂ ಕ್ಷಯಿಸಿದಾಗ ಉಪಉತ್ಪನ್ನವಾಗಿ ಸಿಗುತ್ತಿತ್ತು. ಶೀತಲ ಸಮರ ಮುಗಿದು ಅಣ್ವಸ್ತ್ರ ಕಡಿಮೆಯಾಯಿತು, ಪೂರೈಕೆ ಇಳಿಯಿತು. 2001ರ ದಾಳಿಯ ನಂತರ ಅಮೆರಿಕ ಗಡಿಗಳಿಗೆಲ್ಲ ಗೇಟು ಹಾಕತೊಡಗಿತು, ಬೇಡಿಕೆ ಏರಿತು. 2008-09ರ ಹೊತ್ತಿಗೆ ಅನಿಲಕ್ಕೆ ತೀವ್ರ ಅಭಾವ ಬಂದು, ಬೇರೆ ವಸ್ತುಗಳಿಂದ ಮಾಪಕ ಮಾಡುವ ದಾರಿ ಹುಡುಕಬೇಕಾಯಿತು.

ಇಷ್ಟು ಓದಿದ ಮೇಲೆ ಗೇಟು ಇದ್ದರೆ ಸಾಕು, ಇನ್ನು ಭಯವಿಲ್ಲ ಎಂದುಕೊಂಡಿದ್ದೆ. ಹಾಗಲ್ಲ ಎಂದು ತೋರಿಸಿದ್ದು ನಮ್ಮ ದೇಶದ್ದೇ ಘಟನೆ, ದೆಹಲಿಯ ಮಾಯಾಪುರಿ. ಅದು ದೊಡ್ಡ ಗುಜರಿ ಬಜಾರು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸಂಶೋಧನೆಗೆ ತಂದಿದ್ದ ಒಂದು ಕೋಬಾಲ್ಟ್-60 ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರುವರಿಯಲ್ಲಿ ಅದನ್ನು ಉಳಿದ ಹಳೆಯ ಸಾಮಾನಿನ ಜೊತೆ ಹರಾಜು ಹಾಕಿದರು. ಕೊಂಡವರು ಒಡೆದರು. ಏಪ್ರಿಲ್‌ನಲ್ಲಿ ಒಬ್ಬೊಬ್ಬರಾಗಿ ಆಸ್ಪತ್ರೆ ಸೇರಿದರು, ಚರ್ಮ ಕಪ್ಪಾಯಿತು, ಕೂದಲು ಉದುರಿತು. ಒಬ್ಬರು ಆ ಲೋಹದ ಒಂದು ಚೂರನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಒಟ್ಟು ಏಳು ಜನ ಆಸ್ಪತ್ರೆ ಸೇರಿ, ಒಬ್ಬ ಕಾರ್ಮಿಕ ತೀರಿಕೊಂಡ. ಅಲ್ಲಿ ವಿಕಿರಣವನ್ನು ಪತ್ತೆ ಮಾಡಿದ್ದು ಯಾವ ಗೇಟೂ ಅಲ್ಲ, ಆ ಜನರ ಮೈ.

ಹೊರದೇಶದಿಂದ ಬರುವ ಗುಜರಿಗೆ ಹಡಗು ಹತ್ತುವ ಮುಂಚೆಯೇ ವಿಕಿರಣ ತಪಾಸಣೆಯ ಪ್ರಮಾಣಪತ್ರ ಕೇಳುವ ನಿಯಮ ನಮ್ಮಲ್ಲಿದೆ, ಬಂದರಿನಲ್ಲೂ ಗೇಟುಗಳಿವೆ. ಆದರೆ ಮಾಯಾಪುರಿಯ ಸಾಮಾನು ಹೊರದೇಶದಿಂದ ಬಂದ ಗುಜರಿಯಾಗಿರಲಿಲ್ಲ, ಅದೇ ಊರಿನ ಕಾಲೇಜಿನದು.

ಸರ್ ಇದನ್ನು ಹೇಳುವಾಗ ಒಂದು ಮಾತು ಸೇರಿಸಿದರು, ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ಇಂಥ ವಸ್ತುವನ್ನು ಸೀಸದ ದಪ್ಪ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಡಬ್ಬಿ ಗಟ್ಟಿಯಾಗಿದ್ದರೆ ಹೊರಗಿನವರಿಗೆ ಅಪಾಯ ಕಡಿಮೆ, ಆದರೆ ಗೇಟಿಗೂ ಅದು ಅಷ್ಟಾಗಿ ಕಾಣುವುದಿಲ್ಲ. ಬಂದರುಗಳಲ್ಲಿ ಎಕ್ಸ್‌ರೇ ಚಿತ್ರವನ್ನೂ ತೆಗೆಯುವುದು ಅದಕ್ಕೇ, ಚಿತ್ರದಲ್ಲಿ ಸೀಸದ ಗಟ್ಟಿ ಮುದ್ದೆ ಎದ್ದು ಕಾಣುತ್ತದೆ. ಡಬ್ಬಿ ಒಡೆದ ಮೇಲೆ ಗೇಟಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಅಷ್ಟರಲ್ಲಿ ಒಡೆದವನು ಅದರ ಪಕ್ಕ ಕೂತಾಗಿದೆ. ಯಾಕೆ ಒಡೆಯುತ್ತಾರೆ? ಇದಕ್ಕೆ ಉತ್ತರ ಸರ್‌ಗಿಂತ ನನಗೆ ಚೆನ್ನಾಗಿ ಗೊತ್ತು. ಸೀಸಕ್ಕೆ ಕಬ್ಬಿಣಕ್ಕಿಂತ ಹಲವು ಪಟ್ಟು ಬೆಲೆ. ನಮ್ಮ ಅಂಗಡಿಯಲ್ಲೂ ಸೀಸ ಕಂಡರೆ ಮೊದಲು ಬೇರೆ ಮಾಡುವುದೇ ಕೆಲಸ. ಉಕ್ಕಿನ ಕಾರ್ಖಾನೆಯ ಗೇಟು ಕಾರ್ಖಾನೆಯನ್ನು ಕಾಯುತ್ತದೆ. ನಮ್ಮ ತಕ್ಕಡಿಯ ಹತ್ತಿರ ಸುತ್ತಿಗೆ ಹಿಡಿದು ಕೂರುವ ಹುಡುಗರನ್ನು ಕಾಯುವ ಕಂಬ ಯಾವುದೂ ಇಲ್ಲ.

ಆ ರಾತ್ರಿ ಅಬ್ಬಾಗೆ ಮಾಯಾಪುರಿಯ ಕಥೆ ಪೂರ್ತಿ ಹೇಳಿದೆ. 7,300 ರೂಪಾಯಿಯ ಮಾತು ಮತ್ತೆ ಎತ್ತಲಿಲ್ಲ. "ಗುರುತು ಹೇಗೆ ಹಿಡಿಯುವುದು?" ಎಂದು ಮಾತ್ರ ಕೇಳಿದರು.

ಗುರುತು ಎರಡಿವೆ. ಒಂದು ಹಳದಿ ಹಿನ್ನೆಲೆಯಲ್ಲಿ ಫ್ಯಾನಿನ ಮೂರು ರೆಕ್ಕೆಯಂಥದ್ದು, ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನೀವು ನೋಡಿರುತ್ತೀರಿ. ಆದರೆ ಅದರ ಅರ್ಥ ಗೊತ್ತಿಲ್ಲದವನಿಗೆ ಅದು ಫ್ಯಾನ್ ಅಷ್ಟೇ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 11 ದೇಶಗಳ ಜನರಿಗೆ ಬೇರೆ ಬೇರೆ ಚಿತ್ರ ತೋರಿಸಿ ಪರೀಕ್ಷಿಸಿ, 2007ರಲ್ಲಿ ಹೊಸ ಗುರುತನ್ನು ತಂದಿತು. ಕೆಂಪು ತ್ರಿಕೋನ, ಮೇಲಿನಿಂದ ಬರುವ ಕಿರಣಗಳು, ತಲೆಬುರುಡೆ, ಓಡಿಹೋಗುವ ಮನುಷ್ಯ. ಓದಲು ಬಾರದವರಿಗೂ ಅರ್ಥವಾಗುತ್ತದೆ. ದೊಡ್ಡ ವಿಕಿರಣ ಮೂಲಗಳ ಯಂತ್ರದ ಒಳಭಾಗದಲ್ಲಿ, ಬಿಚ್ಚಲು ಹೊರಟವನಿಗೆ ಕಾಣುವ ಜಾಗದಲ್ಲಿ ಇದನ್ನು ಹಾಕಬೇಕು ಎಂಬುದು ಉದ್ದೇಶ. ಹಳೆಯ ಯಂತ್ರಗಳಲ್ಲಿ ಇದು ಇರುವುದಿಲ್ಲ. ಅಲ್ಲಿ ಗಾತ್ರಕ್ಕೆ ಮೀರಿದ ಭಾರವೇ ಸುಳಿವು.

ನಾನು ಎರಡೂ ಚಿತ್ರವನ್ನು ಒಂದು ರಟ್ಟಿನ ಮೇಲೆ ಬರೆದು, ಕೆಳಗೆ ಕನ್ನಡದಲ್ಲೂ ಉರ್ದುವಿನಲ್ಲೂ ಹೀಗೆ ಬರೆದೆ: ಈ ಗುರುತು ಕಂಡರೆ ಒಡೆಯಬೇಡಿ, ಮುಟ್ಟಬೇಡಿ, ದೂರ ಹೋಗಿ, ಬೇರೆಯವರನ್ನೂ ದೂರ ಕಳಿಸಿ, 112ಕ್ಕೆ ಫೋನ್ ಮಾಡಿ. ಪೊಲೀಸರು ಮತ್ತು ಜಿಲ್ಲಾಡಳಿತದ ಮೂಲಕ ಮುಂಬೈನ ಅಣುಶಕ್ತಿ ನಿಯಂತ್ರಣ ಮಂಡಳಿಗೆ ವಿಷಯ ಮುಟ್ಟುತ್ತದೆ. ತಲೆಬುರುಡೆ ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ, ತೆಂಗಿನಕಾಯಿಯ ಹಾಗಿದೆ ಎಂದು ತಮ್ಮ ನಕ್ಕ. ಅಬ್ಬಾ ಅದನ್ನು ತಕ್ಕಡಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ಹಾಕಿದರು.

ಹೋದ ತಿಂಗಳು ತಳ್ಳುಗಾಡಿಯ ಹುಡುಗನೊಬ್ಬ ಕೆಸರು ಮೆತ್ತಿದ ಒಂದು ಗುಂಡನೆಯ ವಸ್ತು ತಂದ. ಅಳತೆಗೆ ಸಣ್ಣದು, ಎತ್ತಲು ಇಬ್ಬರು ಬೇಕು. ಅಬ್ಬಾ ಗಾಡಿಯಿಂದ ಇಳಿಸಲು ಬಿಡಲಿಲ್ಲ, ಹಿಂದಿನ ಖಾಲಿ ಜಾಗದಲ್ಲಿ ಗಾಡಿಯನ್ನೇ ನಿಲ್ಲಿಸಿಸಿದರು. ದೂರದಿಂದ ಫೋಟೋ ತೆಗೆದು ಸರ್‌ಗೆ ಕಳಿಸಿದೆ. ಫೋಟೋ ದೊಡ್ಡದು ಮಾಡಿ ನೋಡಿದಾಗ ಕೆಸರಿನ ಸಂದಿಯಲ್ಲಿ ಕಿಲೋ ಲೆಕ್ಕದ ಅಂಕಿ ಕಂಡಿತು. ಮಾರನೆಯ ದಿನ ಚಾಚಾ ಬಂದು ನೋಡಿ, ಹಳೆಯ ವೇಬ್ರಿಡ್ಜ್‌ನ ತೂಕದ ಕಲ್ಲು ಎಂದು ಗುರುತು ಹಿಡಿದರು. ಅಷ್ಟರಲ್ಲಿ ಹುಡುಗನ ಗಾಡಿ ಒಂದು ದಿನ ನಿಂತಿತ್ತು. "ನನ್ನ ಗಾಡಿಯನ್ನೇ ಯಾಕೆ ನಿಲ್ಲಿಸಿದಿರಿ ಸಾಬ್ರೇ?" ಎಂದು ಗೊಣಗಿದ. ಅಬ್ಬಾ ಅವನನ್ನು ಕೂರಿಸಿ ಚಹಾ ತರಿಸಿದರು, ಕಬ್ಬಿಣದ ಬೆಲೆಯ ಮೇಲೆ 300 ರೂಪಾಯಿ ಹೆಚ್ಚು ಕೊಟ್ಟರು. ಅದನ್ನು ಯಾವ ಖಾತೆಗೆ ಬರೆಯಲಿ ಎಂದು ಕೇಳಿದೆ. "ಹಾಲ್ಟಿಂಗ್ ಅಂತ ಬರಿ," ಎಂದರು.